ಎಐಗೆ ಕೊಡಬೇಕಾದದ್ದು ನಿಮ್ಮದೇ ಗೆರೆ

ಪ್ರಶ್ನೆ: ನಾನು ಸಾಗರದ ಕಡೆಯವಳು, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕಾಡು, ಗದ್ದೆ, ಹಳೆ ಮನೆಗಳನ್ನು ಶಾಯಿಯಲ್ಲಿ ಬರೆಯುವುದು ನನ್ನ ಮೊದಲಿನ ಅಭ್ಯಾಸ. ಮದುವೆಯಾದ ಮೇಲೆ ಅತ್ತೆಯವರಿಂದ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಕಲಿತೆ. ಈಚೆಗೆ ಮೊಬೈಲಿನಲ್ಲಿ ಎಐಗೆ ಹೇಳಿ ಕೆಲವು ಚಿತ್ರ ಮಾಡಿಸಿ ನೋಡಿದೆ. ನೋಡಲು ಚೆನ್ನಾಗಿಯೇ ಇವೆ, ಆದರೆ ಒಂದೂ ನನ್ನದು ಅನ್ನಿಸಲಿಲ್ಲ. ಚಿತ್ತಾರ ಕೇಳಿದರೆ ಮಹಾರಾಷ್ಟ್ರದ ವಾರ್ಲಿಯಂಥದ್ದೇನೋ ಬರುತ್ತದೆ. ನನ್ನಂಥವರು ಇದನ್ನು ನಿಜವಾಗಿ ಕಲೆಗೆ ಬಳಸಬಹುದೇ? ಬಳಸಿದರೆ ಅದು ನನ್ನ ಕಲೆಯೇ? ಹಕ್ಕು ಯಾರದು? ಪ್ರದರ್ಶನಕ್ಕೆ ಕಳಿಸುವಾಗ ಹೇಳಬೇಕೇ?

ಉತ್ತರ:

ಬಳಸಬಹುದು, ಖಂಡಿತ ಬಳಸಬಹುದು. ಆದರೆ ನೀವು ಶುರುಮಾಡಿದ ಕಡೆಯಿಂದ ಬೇಡ. ಎರಡು ಸಾಲು ಬರೆದು ಚಿತ್ರ ತರಿಸಿಕೊಳ್ಳುವುದು ಈ ತಂತ್ರದ ಅತಿ ಸುಲಭದ ಬಳಕೆ. ಚಿತ್ರ ಬರೆಯುವವರಿಗೆ ಅತಿ ಕಡಿಮೆ ದಕ್ಕುವುದೂ ಅದರಿಂದಲೇ. ಕಂಪ್ಯೂಟರ್ ಜೊತೆ ಕೆಲಸ ಮಾಡಿ ಯಾರ ಕಲೆ ನಿಜವಾಗಿ ಬೆಳೆಯಿತೋ ಅವರನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಯಂತ್ರ ಏನು ಕೊಡುತ್ತದೆ ಎಂದು ಕಾದದ್ದಕ್ಕಿಂತ, ಅದಕ್ಕೆ ತಾವು ಏನು ಕೊಡಬೇಕು ಎಂದು ತಲೆಕೆಡಿಸಿಕೊಂಡದ್ದೇ ಹೆಚ್ಚು. ಕೊಡಲು ನಿಮ್ಮ ಬಳಿ ಎರಡು ಬಗೆಯ ಸಂಪತ್ತಿದೆ. ಶಾಯಿ ಚಿತ್ರಗಳಿಗೆ ಒಂದು ದಾರಿ, ಚಿತ್ತಾರಕ್ಕೆ ಇನ್ನೊಂದು ಎಂಬುದು ನನ್ನ ಸಲಹೆ. ಯಾಕೆ ಎಂದು ವಿವರವಾಗಿಯೇ ಹೇಳುತ್ತೇನೆ.

ಮೊದಲು ಆ ವಾರ್ಲಿಯ ವಿಷಯ. ನೀವು ಬಳಸಿದಂಥ ಎಐಗಳು ಅಂತರಜಾಲದಿಂದ ಒಟ್ಟುಮಾಡಿದ ಚಿತ್ರಗಳನ್ನೂ ಅವುಗಳ ಜೊತೆಗಿದ್ದ ಬರಹವನ್ನೂ ನೋಡಿ ಕಲಿತಂಥವು. ಬಹಿರಂಗವಾಗಿ ಗೊತ್ತಿರುವ ದೊಡ್ಡ ಸಂಗ್ರಹ ಲೈಯಾನ್-5ಬಿ. 2022ರಲ್ಲಿ ಬಂದಾಗ ಅದರಲ್ಲಿ 585 ಕೋಟಿ ಚಿತ್ರ–ಬರಹದ ಜೋಡಿಗಳಿದ್ದವು, ಅವುಗಳಲ್ಲಿ ಸುಮಾರು 232 ಕೋಟಿಯ ಬರಹ ಇಂಗ್ಲಿಷಿನದಾಗಿತ್ತು. 2022ರ ಆಗಸ್ಟಿನಲ್ಲಿ ಬಂದ, ಚಿತ್ರ ಮಾಡುವ ಎಐ ಸ್ಟೇಬಲ್ ಡಿಫ್ಯೂಷನ್ ಕಲಿತದ್ದು ಈ ಸಂಗ್ರಹದ ಭಾಗಗಳಿಂದಲೇ. ಕಲಿಯುವ ಬಗೆ ಹೀಗೆ: ಒಂದು ಚಿತ್ರದ ಮೇಲೆ ಸ್ವಲ್ಪಸ್ವಲ್ಪವೇ ಕಲಸು ಚುಕ್ಕಿಗಳನ್ನು ಎರಚಿ ಅದನ್ನು ಹಾಳುಮಾಡುವುದು, ಆಮೇಲೆ ಆ ಚುಕ್ಕಿಗಳನ್ನು ತೆಗೆದು ಚಿತ್ರವನ್ನು ಮರಳಿ ಪಡೆಯುವುದು ಹೇಗೆಂದು ಮಾಡೆಲ್‌ಗೆ, ಅಂದರೆ ಕಲಿಯುವ ಪ್ರೋಗ್ರಾಮ್‌ಗೆ, ಕಲಿಸುವುದು. ಕೊನೆಗೆ ಬರೀ ಚುಕ್ಕಿಗಳನ್ನೇ ಕೊಟ್ಟು ‘ಇದರೊಳಗೆ ಇಂಥದ್ದಿದೆ’ ಎಂದರೆ, ಮಾತು ತೋರಿದ ಕಡೆ ಚುಕ್ಕಿ ಕಳೆಯುತ್ತ ಹೋಗಿ ಚಿತ್ರ ಬಿಡಿಸುತ್ತದೆ. ಹಸೆ ಚಿತ್ತಾರ ಎಂದು ಹೆಸರು ಬರೆದಿರುವ ಚಿತ್ರಗಳು ಜಾಲದಲ್ಲಿ ಎಷ್ಟಿದ್ದಾವು? ಮಣ್ಣಿನ ಗೋಡೆ, ಬಿಳಿ ಗೆರೆ, ತ್ರಿಕೋನದ ಮೈ ಎಂದರೆ ವಾರ್ಲಿ ಮಾತ್ರ ರಾಶಿರಾಶಿ ಸಿಗುತ್ತದೆ. ಮಾಡೆಲ್ ತಾನು ಹೆಚ್ಚು ಚಿತ್ರ ನೋಡಿದ ಕಡೆಗೇ ವಾಲುತ್ತದೆ. ಯಕ್ಷಗಾನ ಕೇಳಿದಾಗ ಕಥಕ್ಕಳಿಯ ಕಿರೀಟ ಬಂದದ್ದನ್ನು ನಾನೂ ಕಂಡಿದ್ದೇನೆ. ಪ್ರಾಂಪ್ಟನ್ನು, ಅಂದರೆ ಎಐಗೆ ಬರೆದುಕೊಡುವ ಮಾತನ್ನು, ಉದ್ದ ಮಾಡಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಒಳಗೆ ಇಲ್ಲದ್ದನ್ನು ಮಾತಿನಿಂದ ಹೊರಗೆ ತರಲಾಗದು.

ಹಾಗಾದರೆ ಒಳಗೆ ಹಾಕುವುದು ಹೇಗೆ? ಎರಡು ದಾರಿಗಳಿವೆ. ನಿಯಮಗಳನ್ನು ಹೇಳಿಕೊಡುವುದು ಒಂದು, ಮಾದರಿಗಳನ್ನು ತೋರಿಸಿ ಕಲಿಸುವುದು ಇನ್ನೊಂದು.

ನಿಯಮದ ದಾರಿಯಲ್ಲಿ ಬಹಳ ದೂರ ನಡೆದವರು ಹೆರಾಲ್ಡ್ ಕೊಹೆನ್. ಅವರ ಬಗ್ಗೆ ಕೊಂಚ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಎಐ ಕಲೆ ಎಂದರೆ ನಿನ್ನೆ ಮೊನ್ನೆಯದು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. 1928ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕೊಹೆನ್ ಸ್ಲೇಡ್ ಕಲಾಶಾಲೆಯಲ್ಲಿ ಓದಿದ ಚಿತ್ರಕಾರ. 1966ರ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಬ್ರಿಟನ್ನನ್ನು ಪ್ರತಿನಿಧಿಸಿದವರಲ್ಲಿ ಅವರೂ ಒಬ್ಬರು. ಅಂದರೆ ಹೆಸರು, ಗ್ಯಾಲರಿ, ಮನ್ನಣೆ ಎಲ್ಲವೂ ಇದ್ದವರು. 1968ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಗೆ ಪಾಠ ಮಾಡಲು ಹೋದರು. ಅಲ್ಲಿ ಅವರಿಗೆ ಪ್ರೋಗ್ರಾಮಿಂಗ್ ಕಲಿಸಿಕೊಟ್ಟದ್ದು, ಮುಂದೆ ಮ್ಯಾಕಿಂಟೋಷ್ ಕಂಪ್ಯೂಟರಿನ ಕೆಲಸ ಆರಂಭಿಸಿದ ಜೆಫ್ ರಾಸ್ಕಿನ್. ನಲವತ್ತು ದಾಟಿದ ಚಿತ್ರಕಾರ ವಿದ್ಯಾರ್ಥಿಯ ಬಳಿ ಕೂತು ಹೊಸ ವಿದ್ಯೆ ಕಲಿತರು. ಆಮೇಲೆ ಎರಡು ವರ್ಷ ಸ್ಟ್ಯಾನ್‌ಫರ್ಡ್‌ನ ಎಐ ಪ್ರಯೋಗಾಲಯದಲ್ಲಿದ್ದರು. ಹೀಗೆ 1970ರ ದಶಕದ ಆರಂಭದಲ್ಲಿ ಹುಟ್ಟಿದ ಪ್ರೋಗ್ರಾಮ್‌ಗೆ ಆರನ್ ಎಂದು ಹೆಸರಿಟ್ಟರು. 2016ರಲ್ಲಿ ತೀರಿಕೊಳ್ಳುವವರೆಗೂ ಅದರ ಕೈ ಬಿಡಲಿಲ್ಲ.

ಆರನ್‌ಗೆ ಅವರು ಒಂದೂ ಚಿತ್ರ ತೋರಿಸಲಿಲ್ಲ. ಬದಲಿಗೆ ತಮ್ಮನ್ನೇ ಕೇಳಿಕೊಂಡರು: ಎಷ್ಟು ಕಡಿಮೆ ಗುರುತುಗಳಿದ್ದರೆ ನೋಡುವವರಿಗೆ ಅದು ಚಿತ್ರ ಅನ್ನಿಸುತ್ತದೆ? ಕ್ಯಾಲಿಫೋರ್ನಿಯದ ಬಂಡೆಗಳ ಮೇಲಿನ ಪ್ರಾಚೀನ ಕೆತ್ತನೆಗಳನ್ನು ನೋಡಿದರು, ಪುಟ್ಟ ಮಕ್ಕಳು ಗೀಚುವುದನ್ನು ಗಮನಿಸಿದರು. ಮುಚ್ಚಿದ ಆಕಾರಕ್ಕೆ ಒಳಗು ಹೊರಗು ಇರುತ್ತದೆ, ಒಂದು ಆಕಾರ ಇನ್ನೊಂದರ ಮುಂದೆ ಬಂದರೆ ಹಿಂದಿನದರ ಗೆರೆ ನಿಲ್ಲಬೇಕು, ಇಂಥವನ್ನು ನಿಯಮಗಳಾಗಿ ಬರೆದರು. ಗೆರೆಯನ್ನೂ ಅಳತೆಪಟ್ಟಿ ಇಟ್ಟಂತೆ ಎಳೆಸಲಿಲ್ಲ. ಪ್ರೋಗ್ರಾಮ್ ಪ್ರತಿ ಹೆಜ್ಜೆಗೂ ತಾನೆಲ್ಲಿದ್ದೇನೆ, ಎಲ್ಲಿಗೆ ಹೋಗಬೇಕು ಎಂದು ನೋಡಿಕೊಂಡು ದಿಕ್ಕು ತಿದ್ದಿಕೊಳ್ಳುತ್ತಿತ್ತು. ಅದಕ್ಕೇ ಆರನ್‌ನ ಗೆರೆಯಲ್ಲಿ ಕೈಯ ಗೆರೆಯಲ್ಲಿರುವಂಥ ಅಳುಕು ಕಾಣುತ್ತದೆ. 1977ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಕಲಾ ಮೇಳದಲ್ಲಿ ಅದು ಪ್ರದರ್ಶನಗೊಂಡಿತು. 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಮ್ಯೂಸಿಯಂನಲ್ಲಿ ನೆಲಕ್ಕೆ ಹಾಸಿದ ಕಾಗದದ ಮೇಲೆ ಚಕ್ರದ ಪುಟ್ಟ ರೋಬೊ ಓಡಾಡುತ್ತ, ಬಂದವರ ಕಣ್ಣೆದುರೇ ಚಿತ್ರ ಬರೆಯಿತು.

ಎಂಬತ್ತರ ದಶಕದಲ್ಲಿ ಗಿಡಗಳೂ ಮನುಷ್ಯರೂ ಬಂದರು. ಮೈಯ ಯಾವ ಭಾಗ ಎಷ್ಟು ಉದ್ದ, ಯಾವ ಕೀಲು ಎಷ್ಟು ಬಾಗುತ್ತದೆ, ನಿಂತವರು ಬೀಳದೆ ಹೇಗೆ ನಿಲ್ಲುತ್ತಾರೆ ಎಂಬುದನ್ನೆಲ್ಲ ಕೊಹೆನ್ ಪ್ರೋಗ್ರಾಮ್‌ಗೆ ಹೇಳಿಕೊಡಬೇಕಾಯಿತು. ಅತ್ಯಂತ ಕಷ್ಟ ಕೊಟ್ಟದ್ದು ಬಣ್ಣ. ಬಣ್ಣ ಹಚ್ಚುವವರು ಒಂದು ಬಣ್ಣ ಇಟ್ಟು, ನೋಡಿ, ಪಕ್ಕದ್ದನ್ನು ತಿದ್ದುತ್ತಾರೆ. ಆರನ್‌ಗೆ ನೋಡುವ ಕಣ್ಣಿಲ್ಲ. ತಾನು ಜೀವಮಾನವಿಡೀ ಕಣ್ಣಿನಿಂದ ಮಾಡುತ್ತ ಬಂದದ್ದನ್ನು ಕಣ್ಣಿಲ್ಲದ ಯಂತ್ರಕ್ಕೆ ಹೇಳುವುದು ಹೇಗೆ? ವರ್ಷಗಟ್ಟಲೆ ಒದ್ದಾಡಿದ ಮೇಲೆ, ಬಣ್ಣ ಯಾವುದು ಎಂಬುದಕ್ಕಿಂತ ಅದು ಎಷ್ಟು ತಿಳಿ ಎಷ್ಟು ಗಾಢ ಎಂಬುದೇ ಮುಖ್ಯ ಎಂದು ಕಂಡುಕೊಂಡರು. ತಾನೇ ಬಣ್ಣ ಕಲಸಿ ಹಚ್ಚುವ ಯಂತ್ರ 1995ರಲ್ಲಿ ಬಾಸ್ಟನ್ನಿನ ಕಂಪ್ಯೂಟರ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಬಂತು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆಮೇಲಿನ ಕತೆ. ಬಣ್ಣದ ಕೆಲಸವನ್ನೂ ಪೂರ್ತಿ ಯಂತ್ರಕ್ಕೆ ಒಪ್ಪಿಸಿ ಗೆದ್ದ ಕೊಹೆನ್, ಕೊನೆಯ ವರ್ಷಗಳಲ್ಲಿ ಆರನ್ ಬರೆದ ಗೆರೆಗಳ ಮೇಲೆ ಮತ್ತೆ ತಮ್ಮ ಕೈಯಿಂದಲೇ ಬಣ್ಣ ಹಚ್ಚತೊಡಗಿದರು. ಅದನ್ನು ಸೋಲು ಎಂದು ನಾನು ಓದುವುದಿಲ್ಲ. ಅಷ್ಟು ವರ್ಷ ನಿಯಮಗಳನ್ನು ಬರೆದಾದ ಮೇಲೆ, ಬಣ್ಣದ ಬಗ್ಗೆ ಅವರಿಗೆ ತಿಳಿದದ್ದು ಬೇರೆಯೇ ಆಗಿತ್ತು.

ಈಗ ನಿಮ್ಮ ಚಿತ್ತಾರಕ್ಕೆ ಬನ್ನಿ. ಚಿತ್ತಾರ ಮೊದಲಿನಿಂದಲೂ ನಿಯಮದ ಕಲೆ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ ಎಂದು ಸಾಮಗ್ರಿಗೇ ಒಂದು ಶಿಸ್ತಿದೆ. ಗೆರೆಗಳಿಗೂ ಇದೆ. ಎಲ್ಲಿಂದ ಶುರು, ಅಡ್ಡಗೆರೆ ಓರೆಗೆರೆಯನ್ನು ಎಲ್ಲಿ ದಾಟಬೇಕು, ಯಾವ ಅಂಚು ಯಾವುದರ ಪಕ್ಕ ಬರಬಾರದು ಎಂಬುದು ದೀವರ ಹೆಣ್ಣುಮಕ್ಕಳ ಕೈಯಲ್ಲಿ ತಲೆಮಾರುಗಳಿಂದ ಬಂದ ತಿಳಿವಳಿಕೆ. ಅದು ಬರಹಕ್ಕೆ ಇಳಿದದ್ದು ಬಹಳ ಕಡಿಮೆ. ನಿಮ್ಮ ಅತ್ತೆಯವರ ಜೊತೆ ಕೂತು ಅದನ್ನು ಬರೆದುಕೊಳ್ಳಿ. ‘ಇದನ್ನು ಹೇಗೆ ಬರೆಯುತ್ತೀರಿ’ ಎಂದು ಕೇಳಿದರೆ ‘ಹೀಗೇ’ ಎಂದು ಬರೆದು ತೋರಿಸಿಬಿಟ್ಟಾರು. ಬೇಕೆಂದೇ ತಪ್ಪಾಗಿ ಬರೆದು ತೋರಿಸಿ, ಎಲ್ಲಿ ತಪ್ಪಿತು ಎಂದು ಕೇಳಿ. ನಿಯಮಗಳು ಆಗ ಹೊರಗೆ ಬರುತ್ತವೆ.

ಇದು ವಿದೇಶದಿಂದ ಎರವಲು ತಂದ ಉಪಾಯವೆಂದು ಭಾವಿಸಬೇಡಿ. ಕೊಹೆನ್ ಆರನ್ ಕಟ್ಟುತ್ತಿದ್ದ ಹೊತ್ತಿನಲ್ಲೇ, 1974ರಲ್ಲಿ, ಮದ್ರಾಸಿನಲ್ಲಿ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ ಅವರು ಕೋಲಂ ರಂಗೋಲಿಗೆ ಗಣಿತದ ವ್ಯಾಕರಣ ಬರೆದು ಪ್ರಕಟಿಸಿದರು. ಹೊಸ್ತಿಲ ಮುಂದೆ ಹೆಂಗಸರು ದಿನಾ ಬಿಡಿಸುವ ವಿನ್ಯಾಸಗಳನ್ನು ಕೆಲವೇ ಸೂತ್ರಗಳಿಂದ ಬೆಳೆಸುತ್ತ ಹೋಗಬಹುದು ಎಂದು ತೋರಿಸಿದ ಕೆಲಸ ಅದು. ಕಂಪ್ಯೂಟರ್ ವಿಜ್ಞಾನದ ಸಂಶೋಧಕರು ಅದನ್ನು ಇಂದಿಗೂ ಓದುತ್ತಾರೆ. ನಮ್ಮ ಕಲಾಶಾಲೆಗಳಲ್ಲಿ ಅದರ ಹೆಸರು ಕೇಳಿಬರುವುದು ಅಪರೂಪ, ಅದು ನನಗೆ ನಿಜಕ್ಕೂ ನೋವಿನ ಸಂಗತಿ. ಚಿತ್ತಾರಕ್ಕೆ ಅಂಥದ್ದೊಂದು ಕೆಲಸವನ್ನು ಒಳಗಿನವರೇ ಮಾಡಿದರೆ ಎಷ್ಟು ಚೆನ್ನ!

ಪ್ರೋಗ್ರಾಮಿಂಗ್ ಬಾರದು ಎಂದು ಹಿಂಜರಿಯಬೇಡಿ. ಕಲಾವಿದರಿಗೆಂದೇ ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಶುರುಮಾಡಿದ ಪ್ರೊಸೆಸಿಂಗ್ ಎಂಬ ಉಚಿತ ಸಾಧನವಿದೆ. ಅದೇ ವಂಶದ ಪಿ5 ಬ್ರೌಸರಿನಲ್ಲೇ ನಡೆಯುತ್ತದೆ. ನಿಮ್ಮ ವಿಷಯದಲ್ಲಿ ಚಾಟ್ ಮಾಡುವ ಎಐ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ಅತ್ತೆಯವರಿಂದ ಬರೆದುಕೊಂಡ ನಿಯಮಗಳಲ್ಲಿ ಮೂರನ್ನೋ ನಾಲ್ಕನ್ನೋ ಕನ್ನಡದಲ್ಲೇ ಅದಕ್ಕೆ ಹೇಳಿ, ಇದರಂತೆ ಗೆರೆ ಎಳೆಯುವ ಪಿ5 ಕೋಡ್ ಬೇಕು ಎನ್ನಿ. ಬರೆದುಕೊಡುತ್ತದೆ. ಮೊದಲ ಸಲ ಬಂದದ್ದು ತಪ್ಪಿರುತ್ತದೆ. ಏನು ತಪ್ಪಿದೆ ಎಂದು ಹೇಳಬೇಕಾದರೆ ನಿಮ್ಮ ನಿಯಮವನ್ನು ನೀವೇ ಇನ್ನಷ್ಟು ಬಿಗಿಯಾಗಿ ಹೇಳಬೇಕಾಗುತ್ತದೆ. ಆ ತಿದ್ದುವಿಕೆಯಲ್ಲಿ ನಿಮಗೆ ಚಿತ್ತಾರ ಇನ್ನೊಂದು ಸಲ ತಿಳಿಯುತ್ತದೆ. ಆಮೇಲೆ ಒಂದು ನಿಯಮವನ್ನು ಬೇಕೆಂದೇ ಬದಲಾಯಿಸಿ: ಅಂಚು ಒಳಗೆ ಬಂದರೆ? ಗೆರೆಯ ಅಂತರ ಒಂದು ಬದಿಗೆ ಹಿಗ್ಗುತ್ತ ಹೋದರೆ? ಪರದೆಯ ಮೇಲೆ ನೂರು ಬಗೆ ಬಿಡಿಸಿ ನೋಡಲು ನಿಮಿಷಗಳು ಸಾಕು. ಅವುಗಳಲ್ಲಿ ಗೋಡೆಗೆ ತಕ್ಕದ್ದು ಯಾವುದೆಂದು ಆರಿಸುವ ಕಣ್ಣು ನಿಮ್ಮ ಮನೆಯಲ್ಲೇ ಇದೆ.

ಶಾಯಿ ಚಿತ್ರಗಳಿಗೆ ಈ ದಾರಿ ಹೊಂದುವುದಿಲ್ಲ. ಹಲಸಿನ ಮರದ ಬುಡದಲ್ಲಿ ನಿಮ್ಮ ನಿಬ್ಬು ಹೇಗೆ ತಿರುಗುತ್ತದೆ ಎಂಬುದಕ್ಕೆ ಸೂತ್ರ ಬರೆಯಲಾಗದು. ಅಲ್ಲಿ ಬೇಕಾದದ್ದು ಎರಡನೆಯ ದಾರಿ, ತೋರಿಸಿ ಕಲಿಸುವುದು.

ಲಂಡನ್ನಿನ ಕಲಾವಿದೆ ಅನ್ನಾ ರಿಡ್ಲರ್ ಅವರ ಕೆಲಸವನ್ನು ನೋಡಿ. 2018ರಲ್ಲಿ ಅವರು ಟ್ಯುಲಿಪ್ ಹೂ ಬಿಡುವ ಕಾಲದಲ್ಲಿ ನೆದರ್‌ಲ್ಯಾಂಡ್ಸ್‌ಗೆ ಹೋಗಿ 10,000 ಹೂಗಳ ಫೋಟೊ ತೆಗೆದರು. ಜಾಲದಿಂದ ಇಳಿಸಿಕೊಂಡಿದ್ದರೆ ಇನ್ನೂ ಹೆಚ್ಚೇ ಸಿಗುತ್ತಿದ್ದವು. ಅವರಿಗೆ ಅದು ಬೇಡವಾಗಿತ್ತು. ಒಂದೊಂದು ಫೋಟೊಕ್ಕೂ ಹೂವಿನ ಬಣ್ಣ ಯಾವುದು, ಪಟ್ಟೆ ಇದೆಯೇ, ಮೊಗ್ಗೋ ಅರಳಿದ್ದೋ ಬಾಡಿದ್ದೋ ಎಂದು ಕೈಬರಹದಲ್ಲಿ ಗುರುತು ಹಾಕಿದರು. ಇದು ಬಿಳಿಯೋ ತೀರಾ ತಿಳಿ ಗುಲಾಬಿಯೋ, ಕಿತ್ತಳೆಯೋ ಹಳದಿಯೋ ಎಂದು ಪ್ರತಿಯೊಂದರ ಮುಂದೆಯೂ ತೀರ್ಮಾನಿಸಬೇಕು. ಎಐಯ ದತ್ತಾಂಶದ ಹಿಂದೆ ಯಾರದೋ ಇಂಥ ತೀರ್ಮಾನಗಳು ಇರುತ್ತವೆ ಎಂಬುದನ್ನು ಕಾಣಿಸಲು ಅವರು ಆ ಫೋಟೊಗಳನ್ನೇ, ಕೈಬರಹದ ಗುರುತಿನ ಸಮೇತ, ಗೋಡೆಯ ತುಂಬ ಪ್ರದರ್ಶಿಸಿದರು. ಆಮೇಲೆ ಅವುಗಳಿಂದಲೇ ಕಲಿತ ಮಾಡೆಲ್‌ನಿಂದ ವಿಡಿಯೊ ಕೃತಿ ಮಾಡಿದರು. ಅದರಲ್ಲಿ ಅರಳುವ ಟ್ಯುಲಿಪ್‌ಗಳ ಪಟ್ಟೆ ಬಿಟ್‌ಕಾಯಿನ್ ಬೆಲೆ ಏರಿಳಿದಂತೆ ಬದಲಾಗುತ್ತದೆ. 1630ರ ದಶಕದಲ್ಲಿ ಡಚ್ಚರು ಪಟ್ಟೆ ಇರುವ ಟ್ಯುಲಿಪ್ ಗಡ್ಡೆಗಳಿಗೆ ಹುಚ್ಚು ಬೆಲೆ ಕೊಟ್ಟು, 1637ರಲ್ಲಿ ಬೆಲೆ ಕುಸಿದದ್ದು ಅದರ ಹಿನ್ನೆಲೆ. ಆ ಪಟ್ಟೆಗೆ ಕಾರಣ ಒಂದು ವೈರಸ್. ಕೃತಿಯ ಹೆಸರು ಅದರದೇ, ಮೊಸಾಯಿಕ್ ವೈರಸ್. ಅದೇ ವರ್ಷ ದೆಹಲಿಯ ನೇಚರ್ ಮೋರ್ಟ್ ಗ್ಯಾಲರಿಯಲ್ಲಿ ನಡೆದ ಎಐ ಕಲಾ ಪ್ರದರ್ಶನದಲ್ಲಿ ರಿಡ್ಲರ್ ಕೃತಿಗಳಿದ್ದವು. ಅದನ್ನು ರೂಪಿಸಿದವರು ಬೆಂಗಳೂರಿನ ಕಲಾವಿದ ರಾಘವ ಕೆ.ಕೆ. ಮತ್ತು ಅವರ ಸಹೋದರ ಕಾರ್ತಿಕ್ ಕಲ್ಯಾಣರಾಮನ್.

ಗೆರೆಯ ವಿಷಯಕ್ಕೇ ಬಂದರೆ ಸೌಗ್ವೆನ್ ಚಂಗ್ ನಿಮಗೆ ಇನ್ನೂ ಹತ್ತಿರ. 2015ರಲ್ಲಿ ಅವರು ಒಂದು ರೋಬೊ ತೋಳಿನ ಜೊತೆ ಒಂದೇ ಕಾಗದದ ಮೇಲೆ ಚಿತ್ರ ಬರೆಯಲು ಶುರುಮಾಡಿದರು. ಮೊದಲ ರೋಬೊ ಕ್ಯಾಮೆರಾದಲ್ಲಿ ಅವರ ಕೈ ನೋಡಿ ಅನುಕರಿಸುತ್ತಿತ್ತು. ಎರಡನೆಯದು ಅವರ ಹಳೆಯ ರೇಖಾಚಿತ್ರಗಳ ಸಂಗ್ರಹದಿಂದ ಕಲಿತು ಬರೆಯುತ್ತಿತ್ತು. ತನ್ನದೇ ಹಳೆಯ ಕೈ ಪಕ್ಕದಲ್ಲಿ ಕೂತು ಬರೆಯುತ್ತಿದ್ದರೆ ಈಗಿನ ಕೈ ಏನು ಮಾಡೀತು, ಇದು ಅವರ ಪ್ರಶ್ನೆ. ನಿಮ್ಮದೂ ಆಗಬಹುದು.

ಈಗ ಕೆಲಸದ ಮಾತು. ನಿಮ್ಮ ಶಾಯಿ ಚಿತ್ರಗಳನ್ನೆಲ್ಲ ಹೊರಗೆ ತೆಗೆಯಿರಿ, ಅರ್ಧಕ್ಕೆ ಬಿಟ್ಟವನ್ನೂ. ಮೊಬೈಲ್ ಫೋಟೊ ಬೇಡ; ಸ್ಕ್ಯಾನರಿನಲ್ಲಿ ಕನಿಷ್ಠ 300 ಡಿಪಿಐ ಇಟ್ಟು ಸ್ಕ್ಯಾನ್ ಮಾಡಿಸಿ. ಬೆಳಕು ಒಂದೇ ಸಮ ಇರಲಿ, ಕಾಗದದ ಹಳದಿ ತೆಗೆದುಬಿಡಿ. ಇಲ್ಲದಿದ್ದರೆ ಮಾಡೆಲ್ ಆ ಹಳದಿಯನ್ನೂ ನಿಮ್ಮ ಶೈಲಿಯೆಂದೇ ಕಲಿಯುತ್ತದೆ. ಒಂದು ಮಾಡೆಲ್ಲನ್ನು ಸೊನ್ನೆಯಿಂದ ಕಟ್ಟಲು ಸಾವಿರಾರು ಚಿತ್ರ ಬೇಕು. ಆದರೆ ಈಗಾಗಲೇ ಕಲಿತ ಮಾಡೆಲ್‌ಗೆ ನಿಮ್ಮ ಶೈಲಿಯ ಒಂದು ಪುಟ್ಟ ಪದರ ಸೇರಿಸಲು, ಲೋರಾ ಎನ್ನುತ್ತಾರೆ ಅದನ್ನು, ಎರಡು ಮೂರು ಡಜನ್ ಒಳ್ಳೆಯ ಚಿತ್ರಗಳು ಸಾಕಾಗುತ್ತವೆ. ಇಪ್ಪತ್ತು ಚಿತ್ರಗಳಲ್ಲಿ ಹದಿನೈದು ಮನೆಗಳೇ ಆದರೆ ಎಲ್ಲವೂ ಮನೆಯಾಗುತ್ತದೆ. ಹಾಗಾಗಿ ವಿಷಯ ಬೇರೆಬೇರೆ ಇರಲಿ, ಗೆರೆ ಮಾತ್ರ ನಿಮ್ಮದಿರಲಿ.

ಪ್ರತಿ ಚಿತ್ರಕ್ಕೂ ಒಂದು ವಿವರಣೆ ಬರೆಯಬೇಕು. ಈ ಹಂತವನ್ನು ತಂತ್ರಾಂಶಕ್ಕೆ ವಹಿಸುವವರೇ ಹೆಚ್ಚು. ನೀವು ಹಾಗೆ ಮಾಡಬೇಡಿ, ಎಲ್ಲಕ್ಕಿಂತ ಹೆಚ್ಚು ಕಲಿಯುವುದು ಇಲ್ಲಿ. ವಿವರಣೆಯಲ್ಲಿ ನೀವು ಹೆಸರಿಸಿದ್ದನ್ನು ಮಾಡೆಲ್ ಬದಲಾಯಿಸಬಹುದಾದದ್ದು ಎಂದು ತಿಳಿಯುತ್ತದೆ. ಹೆಸರಿಸದೆ ಎಲ್ಲ ಚಿತ್ರಗಳಲ್ಲೂ ಉಳಿಯುವುದನ್ನು ಶೈಲಿ ಎಂದು ಹಿಡಿಯುತ್ತದೆ. ಅಡಿಕೆ ತೋಟ, ಮಳೆ, ಹಂಚಿನ ಮಾಡು ಎಂದು ಬರೆಯಿರಿ. ಒತ್ತಾದ ಓರೆಗೆರೆ ಎಂದು ಬರೆಯಬೇಡಿ, ಅದು ಬರೆಯದೆಯೇ ಉಳಿಯಲಿ. ಹಾಗಾದರೆ ನನ್ನ ಚಿತ್ರಗಳಲ್ಲಿ ಯಾವುದು ವಸ್ತು, ಯಾವುದು ನಾನು ಎಂದು ತೀರ್ಮಾನಿಸದೆ ಒಂದು ಸಾಲೂ ಬರೆಯಲಾಗದು. ಕನ್ನಡದಲ್ಲಿ ಯೋಚಿಸಿ, ಕೊನೆಗೆ ಇಂಗ್ಲಿಷಿಗೆ ಹಾಕಿ. ಸದ್ಯ ಈ ಮಾಡೆಲ್‌ಗಳಿಗೆ ಚೆನ್ನಾಗಿ ತಿಳಿಯುವುದು ಅದೇ.

ತರಬೇತಿಗೆ ಎನ್‌ವಿಡಿಯಾದಂಥ ಶಕ್ತಿಯುತ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಕೇಳಿ, ಇಂಥ ಕೆಲಸಕ್ಕೆ ಉತ್ಸಾಹದಿಂದ ಬರುವ ಹುಡುಗರು ಸಿಕ್ಕೇ ಸಿಗುತ್ತಾರೆ. ಯಾವುದೋ ಕಂಪನಿಯ ಸರ್ವರಿಗೆ ನಿಮ್ಮ ಚಿತ್ರಗಳನ್ನು ಏರಿಸುವುದಕ್ಕಿಂತ ಇದು ಮೇಲು. ತರಬೇತಿ ಅತಿಯಾದರೆ ಮಾಡೆಲ್ ನಿಮ್ಮ ಹಳೆ ಚಿತ್ರಗಳನ್ನೇ ಅಲ್ಪಸ್ವಲ್ಪ ಬದಲಿಸಿ ಹಿಂದಿರುಗಿಸುತ್ತದೆ. ಅದಕ್ಕೆ ಮೊದಲೇ ನಿಲ್ಲಿಸಬೇಕು. ಆಮೇಲೆ ಬರೀ ಮಾತಿನಿಂದ ಚಿತ್ರ ಕೇಳಬೇಡಿ. ಪೆನ್ಸಿಲಿನಲ್ಲಿ ಒಂದು ಕರಡು ಬರೆದು ಕೊಡಿ, ಅದರ ಮೇಲೆ ಮುಂದುವರಿಸು ಎನ್ನಿ. ಕರಡನ್ನು ಎಷ್ಟು ಬದಲಾಯಿಸಬಹುದು ಎಂದು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಹೇಳಬಹುದು. 0.3ರ ಸುಮಾರಿಗೆ ಇಟ್ಟರೆ ನಿಮ್ಮ ರಚನೆ ಹಾಗೇ ಉಳಿಯುತ್ತದೆ, 0.7 ದಾಟಿದರೆ ನಿಮ್ಮ ಕರಡು ಬರೀ ನೆಪವಾಗುತ್ತದೆ. ಬಂದದ್ದರಲ್ಲಿ ಕೈ ತಡೆದು ನಿಲ್ಲಿಸುವಂಥ ಒಂದೋ ಎರಡೋ ಸಿಗುತ್ತವೆ: ನೀವು ಎಂದೂ ಬರೆಯದ ಕೋನ, ನಿಮ್ಮದೇ ಗೆರೆ ನೀವು ಬಿಡದ ಜಾಗದಲ್ಲಿ ಬಿಟ್ಟ ಖಾಲಿ. ಅದನ್ನು ಎದುರಿಗಿಟ್ಟುಕೊಂಡು ಹೊಸ ಕಾಗದದ ಮೇಲೆ ಶಾಯಿಯಲ್ಲಿ ಬರೆಯಿರಿ. ಪ್ರಿಂಟ್ ತೆಗೆದು ಚೌಕಟ್ಟು ಹಾಕಿಸುವುದು ನನಗೆ ಸೇರದು.

ಒಂದು ಮಾತನ್ನು ಮುಚ್ಚಿಡುವಂತಿಲ್ಲ. ನಿಮ್ಮ ಪದರದ ಕೆಳಗಿರುವ ಮೂಲ ಮಾಡೆಲ್ ಲಕ್ಷಾಂತರ ಕಲಾವಿದರ ಚಿತ್ರಗಳನ್ನು ಅವರನ್ನು ಕೇಳದೆ ನೋಡಿ ಕಲಿತದ್ದು. ಅದನ್ನು ಪ್ರಶ್ನಿಸಿ 2023ರ ಜನವರಿಯಲ್ಲಿ ಅಮೆರಿಕದಲ್ಲಿ ಕಲಾವಿದರು ಸ್ಟೆಬಿಲಿಟಿ ಎಐ, ಮಿಡ್‌ಜರ್ನಿ ಮುಂತಾದ ಕಂಪನಿಗಳ ಮೇಲೆ ದಾವೆ ಹೂಡಿದರು. ಅವರ ದೂರು ನ್ಯಾಯವಾದದ್ದು ಎಂಬುದು ನನ್ನ ನಿಲುವು. ಈ ಅಡಿಪಾಯ ನಿಮ್ಮ ಮನಸ್ಸಿಗೆ ಒಗ್ಗದಿದ್ದರೆ ನಿಯಮದ ದಾರಿಯೊಂದನ್ನೇ ಹಿಡಿಯಿರಿ. ಅಲ್ಲಿ ಚಿತ್ರವಾಗುವುದು ನೀವು ಬರೆದ ನಿಯಮ ಮಾತ್ರ. ಜಾಲಕ್ಕೆ ಹಾಕುವ ನಿಮ್ಮ ಚಿತ್ರಗಳನ್ನು ಇಂಥ ಕಲಿಕೆಯಿಂದ ಕಾಪಾಡಿಕೊಳ್ಳಲು ಷಿಕಾಗೊ ವಿಶ್ವವಿದ್ಯಾಲಯದವರು ಗ್ಲೇಜ್ ಎಂಬ ಉಚಿತ ತಂತ್ರಾಂಶ ಕೊಟ್ಟಿದ್ದಾರೆ. ಕಣ್ಣಿಗೆ ಅಷ್ಟಾಗಿ ಕಾಣದಂತೆ ಚಿತ್ರವನ್ನು ಬದಲಿಸಿ, ಮಾಡೆಲ್ ಶೈಲಿಯನ್ನು ತಪ್ಪಾಗಿ ಓದುವಂತೆ ಮಾಡುತ್ತದೆ. ಪೂರ್ಣ ರಕ್ಷಣೆ ಅದರಿಂದ ಸಿಗದು, ಆದರೂ ಬಳಸಿ.

ಇದೇ ಕಾರಣಕ್ಕೆ ಚಿತ್ತಾರದ ಫೋಟೊ ತೆಗೆದು ಮಾಡೆಲ್‌ಗೆ ಕಲಿಸಬೇಡಿ ಎನ್ನುತ್ತೇನೆ. ಶಾಯಿ ಚಿತ್ರ ನಿಮ್ಮೊಬ್ಬರದು. ಗೋಡೆಯ ಹಸೆ, ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಯ ಮೇಲಿನ ಎಳೆ ಹಲವರ ಕೈಯದು. ಅದು ಒಮ್ಮೆ ಫೈಲಾಗಿ ಹರಿದಾಡತೊಡಗಿದರೆ ಬೆಡ್‌ಶೀಟ್ ಕಂಪನಿಯವರು ಯಾರನ್ನೂ ಕೇಳಬೇಕಿಲ್ಲ. ಊರವರೆಲ್ಲ ಕೂಡಿ ಒಪ್ಪಿದರೆ ಮಾತು ಬೇರೆ. ಹಾಗೆ ಕೂಡಿ ಮಾಡುವ ಬಗೆಯೊಂದನ್ನು ಸಂಗೀತಗಾರರು ತೋರಿಸಿದ್ದಾರೆ. ಬರ್ಲಿನ್ನಿನಲ್ಲಿ ಕೆಲಸ ಮಾಡುವ ಹಾಲಿ ಹರ್ನ್‌ಡನ್ ಮತ್ತು ಮ್ಯಾಟ್ ಡ್ರೈಹರ್ಸ್ಟ್ 2024ರಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಗಾಗಿ ಬ್ರಿಟನ್ನಿನ 15 ಸಮುದಾಯ ಗಾನವೃಂದಗಳ ದನಿ ಧ್ವನಿಮುದ್ರಿಸಿಕೊಂಡರು. ಮಾಡೆಲ್‌ಗೆ ಕಲಿಸಲೆಂದೇ ಹಾಡುಗಳನ್ನು ರಚಿಸಿದರು. ಆ ದನಿಯ ದತ್ತಾಂಶವನ್ನು ಯಾರು ಹೇಗೆ ಬಳಸಬಹುದು ಎಂದು ಹಾಡಿದವರೇ ತೀರ್ಮಾನಿಸುವ ಟ್ರಸ್ಟಿನಂಥ ಏರ್ಪಾಟನ್ನೂ ಪ್ರಯೋಗಿಸಿದರು. ಚಿತ್ತಾರಕ್ಕೆ ಸಹಕಾರ ಸಂಘದ ರೂಪದಲ್ಲಿ ಇಂಥದ್ದು ಮಾಡಲು ಸಾಧ್ಯ. ಅದು ಒಬ್ಬ ಕಲಾವಿದೆಯ ಕೈಯಲ್ಲಿ ಆಗುವ ಕೆಲಸವಲ್ಲ.

ಹಕ್ಕಿನ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕಂಪ್ಯೂಟರಿನಿಂದ ಉಂಟಾದ ಕೃತಿಗೆ ಅದು ಉಂಟಾಗುವಂತೆ ಮಾಡಿದ ವ್ಯಕ್ತಿಯೇ ಕರ್ತೃ. ಓದಲು ಸಲೀಸಾಗಿದೆ, ಆದರೆ ಈ ಮಾತು ಬಂದದ್ದು ಇಂದಿನ ಎಐ ಕಾಣುವುದಕ್ಕೆ ಬಹಳ ಮೊದಲು. 2020ರಲ್ಲಿ ಒಂದು ಚಿತ್ರಕ್ಕೆ ಎಐ ಆ್ಯಪನ್ನೇ ಸಹಕರ್ತೃವೆಂದು ನಮೂದಿಸಿ ನೋಂದಣಿ ಸಿಕ್ಕಿತ್ತು; ಆಮೇಲೆ ಕೃತಿಸ್ವಾಮ್ಯ ಕಚೇರಿಯೇ ಅದನ್ನು ಹಿಂಪಡೆಯುವ ನೋಟಿಸ್ ಕೊಟ್ಟಿತು. ಅಮೆರಿಕದಲ್ಲಿ 2023ರ ಫೆಬ್ರುವರಿಯಲ್ಲಿ ಒಂದು ಕಾಮಿಕ್ಸ್ ಪುಸ್ತಕದ ವಿಷಯದಲ್ಲಿ, ಲೇಖಕಿ ಬರೆದ ಮಾತಿಗೂ ಪುಟಗಳ ಜೋಡಣೆಗೂ ಹಕ್ಕುಂಟು, ಮಿಡ್‌ಜರ್ನಿ ಕೊಟ್ಟ ಚಿತ್ರಗಳಿಗೆ ಇಲ್ಲ ಎಂದು ಅಲ್ಲಿನ ಕಚೇರಿ ಹೇಳಿತು. ಅದೇ ವರ್ಷ, ಕನಿಷ್ಠ 624 ಸಲ ಪ್ರಾಂಪ್ಟ್ ತಿದ್ದಿದ್ದೇನೆ ಎಂದ ಇನ್ನೊಬ್ಬರಿಗೂ ಹಕ್ಕು ನಿರಾಕರಿಸಿತು. ನಿಮ್ಮ ಶಾಯಿಯ ಕೊನೆಯ ಚಿತ್ರ ನಿಮ್ಮ ಕೈಯದು, ಅಲ್ಲಿ ಆತಂಕವಿಲ್ಲ. ಆದರೂ ಪೆನ್ಸಿಲ್ ಕರಡು, ಮಾಡೆಲ್ ಕೊಟ್ಟದ್ದು, ಕೊನೆಯ ಚಿತ್ರ ಮೂರನ್ನೂ ತಾರೀಕು ಹಾಕಿ ಒಟ್ಟಿಗೆ ಇಟ್ಟುಕೊಳ್ಳಿ. ನಿಯಮದ ದಾರಿಯಲ್ಲಾದರೆ ನಿಯಮ ಬರೆದ ನೋಟ್‌ಬುಕ್ಕು ಜೋಪಾನ.

ಪ್ರದರ್ಶನಕ್ಕೆ ಕಳಿಸುವಾಗ ಹೇಳಲೇಬೇಕು. 2023ರ ಏಪ್ರಿಲ್‌ನಲ್ಲಿ ಜರ್ಮನಿಯ ಬೋರಿಸ್ ಎಲ್‌ಡಾಗ್‌ಸನ್ ಸೋನಿ ಛಾಯಾಗ್ರಹಣ ಸ್ಪರ್ಧೆಯಲ್ಲಿ ಗೆದ್ದು, ತನ್ನದು ಎಐ ಚಿತ್ರ, ಅದು ಛಾಯಾಗ್ರಹಣವಲ್ಲ ಎಂದು ಪ್ರಶಸ್ತಿ ನಿರಾಕರಿಸಿದಾಗ ಜಗತ್ತಿನೆಲ್ಲೆಡೆ ಸ್ಪರ್ಧೆ ನಡೆಸುವವರು ಎಚ್ಚೆತ್ತರು. ನಿಯಮಾವಳಿಯಲ್ಲಿ ಎಐ ಬಗ್ಗೆ ಏನಿದೆ ಎಂದು ಮೊದಲು ಓದಿ, ಏನೂ ಇಲ್ಲದಿದ್ದರೆ ಪತ್ರ ಬರೆದು ಕೇಳಿ. ಚಿತ್ರದ ಕೆಳಗಿನ ಚೀಟಿಯಲ್ಲಿ ‘ಎಐ ಸಹಾಯದಿಂದ’ ಎಂದಷ್ಟೇ ಬರೆದರೆ ನೋಡುವವರಿಗೆ ಏನೂ ತಿಳಿಯದು. ಹೀಗೆ ಬರೆಯಿರಿ: ‘ಕಾಗದದ ಮೇಲೆ ಶಾಯಿ. ಕಲಾವಿದೆಯ ಹಿಂದಿನ ರೇಖಾಚಿತ್ರಗಳಿಂದ ಕಲಿತ ಸ್ಟೇಬಲ್ ಡಿಫ್ಯೂಷನ್ ಮಾಡೆಲ್ ಕೊಟ್ಟ ಕರಡನ್ನು ನೋಡಿ ಕೈಯಿಂದ ಬರೆದದ್ದು.’ ಚಿತ್ತಾರದ ಪ್ರೋಗ್ರಾಮ್‌ನಿಂದ ಬಂದದ್ದಾದರೆ, ನಿಯಮಗಳನ್ನು ಹೇಳಿಕೊಟ್ಟವರು ಎಂದು ಅತ್ತೆಯವರ ಹೆಸರನ್ನು ಅವರ ಒಪ್ಪಿಗೆ ಪಡೆದು ಸೇರಿಸಿ, ನಿಮ್ಮ ಹೆಸರಿನ ಅಕ್ಷರದಷ್ಟೇ ದೊಡ್ಡದಾಗಿ.